ಬಸ್ರಾಕ್ಕೆ ಹೋದವರ ಊರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಹಳೆಯ ಮನೆತನಗಳ ಮಾತಿನಲ್ಲಿ ಒಮ್ಮೊಮ್ಮೆ ಒಬ್ಬ ಸಿಪಾಯಿ ಹಾದುಹೋಗುತ್ತಾನೆ. ಮುತ್ತ್ಯಾನ ಅಣ್ಣ, ಇಲ್ಲವೆ ಮುತ್ತ್ಯಾನ ಕಾಕಾ, ದಂಡಿಗೆ ಸೇರಿದ, ಹಡಗು ಹತ್ತಿ ಬಸ್ರಾಕ್ಕೆ ಹೋದ, ತಿರುಗಿ ಬರಲಿಲ್ಲ. ಹೇಳುವವರಿಗೆ ಇದಕ್ಕಿಂತ ಹೆಚ್ಚು ಗೊತ್ತಿರುವುದಿಲ್ಲ. ಯಾವ ಪಲ್ಟನ್ನು, ಯಾವ ವರ್ಷ, ಗುಂಡು ತಗುಲಿ ಸತ್ತನೋ ಜ್ವರ ಬಂದು ಸತ್ತನೋ, ಮಣ್ಣು ಎಲ್ಲಿ ಆಯಿತು ಎಂದು ಕೇಳಿದರೆ ಮಾತು ನಿಂತುಬಿಡುತ್ತದೆ. ಇಂಥ ಹಿರಿಯನೊಬ್ಬನ ಬದುಕನ್ನೂ ಸಾವನ್ನೂ ಇವತ್ತು ಹುಡುಕಿ ತೆಗೆಯಬಹುದೇ, ತೆಗೆಯುವುದಾದರೆ ಎಲ್ಲಿಂದ ಹೊರಡಬೇಕು ಎಂಬುದು ಈ ಹೊತ್ತಿನ ನನ್ನ ವಿಷಯ. ಸಿಪಾಯಿಯ ಕಾಗದ ಸೈನ್ಯದ ಹತ್ತಿರ ಇರುತ್ತದೆ, ಆಗಿನ ಸೈನ್ಯ ಇಂಗ್ಲಿಷರದು, ಆದ್ದರಿಂದ ಉತ್ತರ ಲಂಡನ್ನಿನಲ್ಲೋ ದಿಲ್ಲಿಯಲ್ಲೋ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಅದನ್ನು ನಾನು ಪೂರ್ತಿ ಒಪ್ಪಲಾರೆ. ಲಂಡನ್ನಿನ ಕಾಗದದಲ್ಲಿ ಹೆಸರಿದೆ ನಿಜ, ಆದರೆ ಅದು ಯಾರ ಹೆಸರು ಎಂದು ಹೇಳುವ ಶಕ್ತಿ ಆ ಕಾಗದಕ್ಕಿಲ್ಲ. ಅದನ್ನು ಹೇಳಬಲ್ಲವು ಊರಿನ ದಾಖಲೆಗಳು, ಊರನ್ನು ಬಲ್ಲ ಜನ. ಹುಡುಕಾಟ ಊರಿನಿಂದ ಹೊರಟು ಸೈನ್ಯದ ದಾಖಲೆಗೆ ಹೋಗಿ, ತಾಳೆ ನೋಡಲು ಮತ್ತೆ ಊರಿಗೇ ಬರಬೇಕು ಎಂಬುದೇ ನಾನು ಇಲ್ಲಿ ಸಾಧಿಸಹೊರಟಿರುವ ಮಾತು.

ಮೊದಲು ಕಾಲದ ಹಿನ್ನೆಲೆ. 1914ರಲ್ಲಿ ಶುರುವಾದ ಮೊದಲ ಮಹಾಯುದ್ಧಕ್ಕೆ ಅವಿಭಜಿತ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಹೋದರು, ಸುಮಾರು 74,000 ಮಂದಿ ಸತ್ತರು. ಈ ಸೀಮೆಯನ್ನು ಒಳಗೊಂಡ ಬಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ಭರತಿ ಹೆಚ್ಚಾಗಿ ನಡೆದದ್ದು ರತ್ನಾಗಿರಿ, ಸಾತಾರಾ ಕಡೆಗೆ. ಆದರೂ ಕೃಷ್ಣೆ ಮತ್ತು ಭೀಮೆಯ ನಡುವಿನ ಈ ಬಯಲುಸೀಮೆ ಅದರಿಂದ ಹೊರಗೆ ಉಳಿಯಲಿಲ್ಲ. ಮರಾಠಾ ಪಲ್ಟನ್ನುಗಳಲ್ಲಿ ಮರಾಠರ ಜೊತೆಗೆ ದಖನಿ ಮುಸಲ್ಮಾನರನ್ನೂ ತೆಗೆದುಕೊಳ್ಳುತ್ತಿದ್ದರು. 1917ರಲ್ಲಿ ಜನ ಸಾಲದೆ ಬಂದಾಗ, ಅದುವರೆಗೆ ದೂರ ಇಟ್ಟಿದ್ದ ಮಹಾರರಿಗಾಗಿ 111ನೇ ಮಹಾರ್ ಪಲ್ಟನ್ನು ಕಟ್ಟಿದರು. ಹೇಸರಗತ್ತೆ ಹೊಡೆಯುವವರು, ಡೋಲಿ ಹೊರುವವರು, ಹಮಾಲರು, ಅಡುಗೆಯವರು, ನೀರು ಹೊರುವವರು ಎಂದು ಬಂದೂಕು ಹಿಡಿಯದ ಆಳುಗಳೂ ಸಾವಿರಗಟ್ಟಲೆ ಹೋದರು. ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ ಹೋಟಗಿ, ಸೊಲ್ಲಾಪುರ, ಪುಣೆ ದಾಟಿ ಮುಂಬಯಿ ಬಂದರು ಮುಟ್ಟಬಹುದಾಗಿತ್ತು. ಅಲ್ಲಿಂದ ಸಮುದ್ರದ ದಾರಿ ಬಸ್ರಾಕ್ಕೆ. ಪುಣೆಯ 6ನೇ ಡಿವಿಜನ್ 1914ರ ನವೆಂಬರಿನಲ್ಲಿ ಮೆಸೊಪೊಟೇಮಿಯಾದಲ್ಲಿ ಇಳಿಯಿತು. ಅದರಲ್ಲಿದ್ದ 103, 110 ಮತ್ತು 117ನೇ ಮರಾಠಾ ಪಲ್ಟನ್ನುಗಳು ಟೈಗ್ರಿಸ್ ನದಿಗುಂಟ ಬಗದಾದಿನ ಹತ್ತಿರದವರೆಗೂ ಹೋಗಿ, 1915ರ ನವೆಂಬರಿನಲ್ಲಿ ಟೆಸಿಫಾನ್ ಕಾಳಗದ ನಂತರ ಹಿಂದೆ ಸರಿದು ಕೂತ್ ಎಂಬ ಊರಿನಲ್ಲಿ ಸಿಕ್ಕಿಬಿದ್ದವು. ಐದು ತಿಂಗಳ ಮುತ್ತಿಗೆಯಲ್ಲಿ ಹಸಿದು, 1916ರ ಏಪ್ರಿಲ್ 29ರಂದು ಶರಣಾದವು. ಸುಮಾರು 13,000 ಜನ ಸೆರೆ ಸಿಕ್ಕರು. ಸೆರೆಯಲ್ಲಿ, ಮರುಭೂಮಿಯ ನಡಿಗೆಯಲ್ಲಿ, ರೈಲುದಾರಿಯ ಕೂಲಿಯಲ್ಲಿ ಸತ್ತವರು ಸಾವಿರಾರು. ನಮ್ಮ ಕಡೆಯ ‘ಬಸ್ರಾ’ ಎಂಬ ಒಂದೇ ಮಾತಿನ ಹಿಂದೆ ಇಷ್ಟು ದೊಡ್ಡ ಸಂಗತಿ ಇದೆ.

ಅಲ್ಲಿ ಸತ್ತವರಿಗೆ ಬ್ರಿಟಿಷ್ ಸರಕಾರ ಸ್ಮಾರಕ ಕಟ್ಟಲಿಲ್ಲ ಎನ್ನುವಂತಿಲ್ಲ, ಕಟ್ಟಿತು. 1917ರಲ್ಲಿ ಸ್ಥಾಪನೆಯಾದ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗ, ಇಂದಿನ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ, ಗೋರಿ ಗುರುತಿಲ್ಲದ 40,000ಕ್ಕೂ ಹೆಚ್ಚು ಜನರಿಗಾಗಿ 1929ರಲ್ಲಿ ಬಸ್ರಾ ಸ್ಮಾರಕವನ್ನು ನಿಲ್ಲಿಸಿತು. ಬ್ರಿಟಿಷ್ ಸೈನ್ಯದ ಸಾಮಾನ್ಯ ಸಿಪಾಯಿಯ ಹೆಸರು ಆ ಕಲ್ಲಿನ ಮೇಲಿದೆ. ಭಾರತೀಯ ಸೈನ್ಯದ ಮಟ್ಟಿಗೆ ಮಾತ್ರ ಅಧಿಕಾರಿಗಳ ಹೆಸರು ಕೆತ್ತಿ, ಉಳಿದವರನ್ನು ಪಲ್ಟನ್ನಿನ ಹೆಸರಿನ ಕೆಳಗೆ ಇಷ್ಟು ಜನ ಎಂದು ಅಂಕಿಯಲ್ಲಿ ಬರೆದು ಬಿಟ್ಟರು. ಅಂಕಿಯಾಗಿ ಉಳಿದವರು ಮೂವತ್ತು ಸಾವಿರಕ್ಕಿಂತ ಹೆಚ್ಚು. ಈ ಸ್ಮಾರಕವನ್ನು 1997ರಲ್ಲಿ ಇರಾಕಿನ ಸರಕಾರ ಮೂಲ ಜಾಗದಿಂದ ಕಿತ್ತು ನಾಸಿರಿಯಾ ರಸ್ತೆಯ ಬದಿಗೆ, ಮೂವತ್ತು ಕಿಲೋಮೀಟರಿಗೂ ಆಚೆ, ಒಯ್ದು ನಿಲ್ಲಿಸಿತು. ಸತ್ತವರೆಲ್ಲರನ್ನೂ ಸಮನಾಗಿ ಕಾಣುವ ತನ್ನ ಮೂಲ ನಿಯಮವನ್ನು ಏಷ್ಯಾ, ಆಫ್ರಿಕಾದವರ ವಿಷಯದಲ್ಲಿ ಮುರಿದೆವೆಂದು ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಕಡಿಮೆ ಎಂದರೂ 1,16,000 ಜನ, ಪ್ರಾಯಶಃ 3,50,000ದವರೆಗೂ, ಹೆಸರಿನಿಂದ ಸ್ಮರಿಸಲ್ಪಟ್ಟಿಲ್ಲ, ಅಥವಾ ಸ್ಮರಿಸಲ್ಪಟ್ಟೇ ಇಲ್ಲ ಎಂಬುದು ಆ ವರದಿಯ ಅಂದಾಜು. ನಮ್ಮ ನಾಡಿನ ರೂಢಿಯ ಎದುರಿಗೆ ಇದನ್ನು ಇಟ್ಟು ನೋಡಬೇಕು. ದನ ತುರು ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು ನಿಲ್ಲಿಸಿ, ಅವನ ಹೆಸರು, ಅವನು ಯಾರ ಮಗ, ಯಾವ ಊರಿನ ಕಾಳಗ, ಕಲ್ಲು ನಿಲ್ಲಿಸಿದವರು ಯಾರು ಎಂದು ಬರೆಸಿದ ನಾಡು ಇದು. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ನಾಯಿಯ ಹೆಸರು ಕಾಳಿ ಎಂದು ಕೂಡ ಇದೆ. ಹೆಸರು ಹೇಳದೆ ಸಾವನ್ನು ಸ್ಮರಿಸುವುದು ನಮ್ಮ ಹಿರಿಯರಿಗೆ ಅರ್ಥವಾಗದ ರೀತಿ.

ಕಲ್ಲಿನ ಮೇಲೆ ಇಲ್ಲದ ಹೆಸರುಗಳು ಆಯೋಗದ ರಜಿಸ್ಟರಿನಲ್ಲಿವೆ, ಈಗ ಆ ರಜಿಸ್ಟರುಗಳನ್ನು ಅಂತರಜಾಲದಲ್ಲಿ ಯಾರಾದರೂ ನೋಡಬಹುದು. ಇಲ್ಲಿಂದಲೇ ನಿಜವಾದ ಕೆಲಸ ಶುರು. ಒಂದು ನಮೂದಿನಲ್ಲಿ ಸಾಮಾನ್ಯವಾಗಿ ಸಿಪಾಯಿಯ ಹೆಸರು, ನಂಬರು, ಪಲ್ಟನ್ನು, ಸತ್ತ ದಿನಾಂಕ ಇರುತ್ತವೆ. ಅದೃಷ್ಟವಿದ್ದರೆ ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆ ಕೂಡ ಇರುತ್ತವೆ. ಬಿಜಾಪುರ ಜಿಲ್ಲೆಯ ವಿಳಾಸ ಹೊತ್ತ ನಮೂದುಗಳು ಆ ರಜಿಸ್ಟರುಗಳಲ್ಲಿವೆ. ಆದರೆ ಅದನ್ನು ಬರೆದವನು ಕನ್ನಡ ಬಲ್ಲವನಲ್ಲ. ಭರತಿಯ ಕಾಗದದಿಂದ ಪಲ್ಟನ್ನಿನ ಪುಸ್ತಕಕ್ಕೆ, ಅಲ್ಲಿಂದ ಸತ್ತವರ ಪಟ್ಟಿಗೆ, ಅಲ್ಲಿಂದ ಅಚ್ಚಿನ ಮನೆಗೆ ಹೋಗುವಷ್ಟರಲ್ಲಿ ಊರಿನ ಹೆಸರು ಕೈಯಿಂದ ಕೈಗೆ ಬದಲಾಗಿರುತ್ತದೆ. ಹಿಪ್ಪರಗಿ ಎಂದು ಬರೆದಿದೆ ಎನ್ನಿ. ಸಿಂದಗಿ ಸೀಮೆಯ ದೇವರ ಹಿಪ್ಪರಗಿಯೋ, ಬಾಗೇವಾಡಿ ಸೀಮೆಯ ಹೂವಿನ ಹಿಪ್ಪರಗಿಯೋ, ಜಮಖಂಡಿ ಕಡೆಯ ಹಿಪ್ಪರಗಿಯೋ? ಬಾಗೇವಾಡಿ ಎಂದು ಮಾತ್ರ ಇದ್ದರೆ ಬಸವಣ್ಣನವರ ಬಾಗೇವಾಡಿಯೋ, ಬೆಳಗಾವಿ ಹತ್ತಿರದ ಹಿರೇಬಾಗೇವಾಡಿಯೋ? ಕೃಷ್ಣೆಯ ದಂಡೆಯ ಕೊಲ್ಹಾರವನ್ನು ಅರ್ಧಮರ್ಧ ಬರೆದರೆ ಓದುವವನು ಅದನ್ನು ಮೈಸೂರಿನ ಕೋಲಾರ ಮಾಡಿಬಿಡಬಹುದು, ಕೊಲ್ಹಾಪುರವನ್ನೂ ಮಾಡಬಹುದು. ಲಂಡನ್ನಿನಲ್ಲಿ ಕುಳಿತ ಎಷ್ಟೇ ಶ್ರದ್ಧೆಯ ಸಂಶೋಧಕನೂ ಇಲ್ಲಿ ಕೈಚೆಲ್ಲುತ್ತಾನೆ. ಸೀಮೆಯ ಊರುಗಳನ್ನು ಬಲ್ಲವರಿಗೆ, ಪಕ್ಕದಲ್ಲಿ ಬರೆದ ತಂದೆಯ ಹೆಸರು ಯಾವ ಊರಿನ ಯಾವ ಓಣಿಗೆ ಹೊಂದುತ್ತದೆ ಎಂಬ ಹೊಳಹು ಸಿಗುತ್ತದೆ.

ಆಡಳಿತದ ಗಡಿಗಳೂ ಈ ನೂರು ವರ್ಷದಲ್ಲಿ ನಿಂತಲ್ಲಿ ನಿಂತಿಲ್ಲ. 1914ರ ಬಿಜಾಪುರ ಜಿಲ್ಲೆ ಎಂದರೆ ಬಾದಾಮಿ, ಹುನಗುಂದ, ಬಾಗಲಕೋಟೆಗಳೂ ಸೇರಿದ ಜಿಲ್ಲೆ. ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ. ಜಮಖಂಡಿ, ಮುಧೋಳ ಆಗ ಸಂಸ್ಥಾನಗಳು, ಅವು ಬ್ರಿಟಿಷ್ ಜಿಲ್ಲೆಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ಇನ್ನು ಒಳಗಿನ ಹಂಚಿಕೆ: ಇಂದು ಚಡಚಣದ ಒಬ್ಬ ಹುಡುಗ ತನ್ನ ಊರಿನವರನ್ನು ಚಡಚಣ ತಾಲೂಕಿನಲ್ಲಿ ಹುಡುಕಿದರೆ ಯಾರೂ ಸಿಗುವುದಿಲ್ಲ, ಏಕೆಂದರೆ ಅದು ಆಗ ಇಂಡಿ. ಆಲಮೇಲ ಮತ್ತು ದೇವರ ಹಿಪ್ಪರಗಿ ಆಗ ಸಿಂದಗಿ, ತಾಳಿಕೋಟೆ ಮುದ್ದೇಬಿಹಾಳ, ನಿಡಗುಂದಿ ಮತ್ತು ಕೊಲ್ಹಾರ ಬಾಗೇವಾಡಿ. ಇದರ ಮೇಲೆ ಆಲಮಟ್ಟಿ ಅಣೆಕಟ್ಟು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆ ಕಟ್ಟಡ ಮುಗಿದು ನೀರು ತುಂಬಿದಾಗ ಕೃಷ್ಣೆಯ ದಂಡೆಯ ಎಷ್ಟೋ ಹಳ್ಳಿಗಳು ಮುಳುಗಿ, ಜನ ಪುನರ್ವಸತಿ ಊರುಗಳಿಗೆ ಎದ್ದುಹೋದರು. ಸಿಪಾಯಿಯ ವಿಳಾಸದಲ್ಲಿರುವ ಊರು ಇವತ್ತು ನೀರಿನ ಕೆಳಗೆ ಇರಬಹುದು. ಅಂಥ ಊರಿನ ಜನ ಎಲ್ಲಿ ಎಲ್ಲಿ ಹಂಚಿಹೋಗಿದ್ದಾರೆ ಎಂಬುದು ಅಲ್ಲಿಂದ ಎದ್ದುಬಂದವರಿಗೆ ಗೊತ್ತು, ಅವರ ವಯಸ್ಸಾದ ಪೀಳಿಗೆ ಇನ್ನೂ ಇದೆ. ಅವರನ್ನು ಕೇಳುವ ಕೆಲಸಕ್ಕೆ ಮುಂದಿನ ಹತ್ತು ವರ್ಷ ಕಾಯುವಂತಿಲ್ಲ ಎಂದು ನನಗೆ ಬಹಳ ಕಳವಳವಾಗುತ್ತದೆ.

ಹೆಸರಿನ ತೊಡಕು ಊರಿನ ತೊಡಕಿಗಿಂತ ದೊಡ್ಡದು. ಮರಾಠಾ ಪಲ್ಟನ್ನುಗಳ ಕಾರಕೂನರು ಮರಾಠಿ ರೂಢಿಯವರು. ಅವರ ಕೈಯಲ್ಲಿ ಭೀಮಪ್ಪ ಭೀಮಾ ಅಥವಾ ಭೀಮರಾವ ಆಗುವುದು, ಸಿದ್ದಪ್ಪ ಸಿದು ಆಗುವುದು ಸಹಜ. ಅಡ್ಡಹೆಸರು ಇಲ್ಲದವನಿಗೆ ಊರಿನ ಹೆಸರೇ ಅಡ್ಡಹೆಸರಾಗಿ ಅಂಟುತ್ತದೆ, ಇಲ್ಲವೆ ತಂದೆಯ ಹೆಸರೇ ಅವನ ಹೆಸರಿನ ಭಾಗವಾಗಿ ಹೋಗುತ್ತದೆ. ವಯಸ್ಸು ಸಾಲದ ಹುಡುಗ ಬೇರೆ ಹೆಸರು ಕೊಟ್ಟು ಭರತಿಯಾಗುವ ಸಂಭವವೂ ಇದೆ. ಆದ್ದರಿಂದ ಬರೀ ಹೆಸರು ಹೊಂದಿತೆಂದು ಇವನೇ ನಮ್ಮ ಮುತ್ತ್ಯಾ ಎನ್ನುವುದು ತಪ್ಪು, ಹೆಸರು ಹೊಂದಲಿಲ್ಲವೆಂದು ಇವನಲ್ಲ ಎನ್ನುವುದೂ ಅಷ್ಟೇ ತಪ್ಪು. ಹೆಸರು, ತಂದೆಯ ಹೆಸರು, ಊರು ಈ ಮೂರರಲ್ಲಿ ಕನಿಷ್ಠ ಎರಡು ಹೊಂದಬೇಕು, ಮೂರನೆಯದು ವಿರುದ್ಧವಾಗಿ ನಿಲ್ಲಬಾರದು. ಇಷ್ಟಾದ ಮೇಲೆ ನಂಬರು ಕೈಗೆ ಬಂದರೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಏಕೆಂದರೆ ಒಂದೇ ಹೆಸರಿನ ನಾಲ್ವರು ಒಂದೇ ಪಲ್ಟನ್ನಿನಲ್ಲಿದ್ದರೂ ಅವರನ್ನು ಬೇರ್ಪಡಿಸುವುದು ಆ ನಂಬರೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಮನೆಯಲ್ಲಿ ಹಿರಿಯರು ಹೇಳಿಕೊಂಡು ಬಂದದ್ದಕ್ಕಿಂತ ದೊಡ್ಡ ಸಾಕ್ಷಿ ಯಾವುದು, ಅದನ್ನು ಪರೀಕ್ಷೆಗೆ ಹಚ್ಚುವುದು ಹಿರಿಯರ ಮೇಲೆ ಅವಿಶ್ವಾಸ ತೋರಿದಂತಲ್ಲವೇ ಎಂದು. ಮನೆಯ ಮಾತನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ, ಅದಿಲ್ಲದೆ ಹುಡುಕಾಟ ಹೊರಡುವುದೇ ಇಲ್ಲ. ಆದರೆ ನೆನಪು ಎರಡು ಕಾಲಗಳನ್ನು ಒಂದು ಮಾಡುತ್ತದೆ. ಐದನೇ ಮರಾಠಾ ಪಲ್ಟನ್ನಿನಲ್ಲಿದ್ದ, ಮೊದಲ ಲಡಾಯಿಯಲ್ಲಿ ಬಸ್ರಾದಲ್ಲಿ ಸತ್ತ ಎಂದು ಮನೆಯವರು ಹೇಳಿದರೆ, ಅದರಲ್ಲಿ ಎಲ್ಲೋ ಒಂದು ಕಡೆ ಬೆಸುಗೆ ಬಿದ್ದಿದೆ. ಐದನೇ ಮರಾಠಾ ಲೈಟ್ ಇನ್‌ಫಂಟ್ರಿ ಎಂಬ ಹೆಸರು ಹುಟ್ಟಿದ್ದೇ 1922ರಲ್ಲಿ. ಆಗ 103ನೆಯದು ಅದರ ಒಂದನೇ ಬಟಾಲಿಯನ್ ಆಯಿತು, 105 ಎರಡನೆಯದು, 110 ಮೂರನೆಯದು, 116 ನಾಲ್ಕನೆಯದು, 117 ಐದನೆಯದು. 114ನೆಯದು ತರಬೇತಿ ಬಟಾಲಿಯನ್ನಾಗಿ ಬೆಳಗಾವಿಯಲ್ಲಿ ನೆಲೆ ನಿಂತಿತು, ಇಂದಿನ ಮರಾಠಾ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲಿರುವುದು ಹೀಗೆ. ಜೊತೆಗೆ 1941ರಲ್ಲಿ, ಎರಡನೆಯ ಯುದ್ಧದಲ್ಲಿಯೂ, ಭಾರತದ ಸೈನ್ಯ ಬಸ್ರಾದಲ್ಲಿ ಇಳಿದಿತ್ತು. ಹಾಗಾದರೆ ಈ ಸಿಪಾಯಿ ಯಾವ ಬಸ್ರಾದವನು? ಅವನ ತಮ್ಮ ಯಾವಾಗ ಹುಟ್ಟಿದ, ಹೆಂಡತಿ ಯಾವಾಗ ತೀರಿಕೊಂಡಳು, ಅವನು ಹೋದ ಮೇಲೆ ಬಂದ ದೊಡ್ಡ ಬೇನೆ 1918ರ ಇನ್‌ಫ್ಲುಯೆಂಜಾವೋ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಹಿರಿಯರ ಮಾತಿನಲ್ಲಿ ಸುಳ್ಳಿಲ್ಲ, ಎರಡು ತಲೆಮಾರಿನ ಇಬ್ಬರು ಸಿಪಾಯಿಗಳು ಅದರಲ್ಲಿ ಒಬ್ಬನಾಗಿರುತ್ತಾರೆ. ಬೇರ್ಪಡಿಸಿದರೆ ಇಬ್ಬರಿಗೂ ನ್ಯಾಯ ಸಿಗುತ್ತದೆ.

ಊರಿನ ಕಾಗದ ಎಂದೆನಲ್ಲ, ಅದು ಎಲ್ಲಿದೆ? ದಂಡಿನಲ್ಲಿ ಸತ್ತವನು ಬಹುಪಾಲು ಎಳೆಯ ವಯಸ್ಸಿನವನು, ಮಕ್ಕಳಿಲ್ಲದವನು. ಹೆಂಡತಿ ಇದ್ದರೂ ಉಡಿಕೆಯಾಗಿ ಬೇರೆ ಮನೆ ಸೇರಿದ್ದರೆ ಅವನ ನೆನಪು ಉಳಿಯುವುದು ಅಣ್ಣತಮ್ಮಂದಿರ ಸಂತಾನದಲ್ಲಿ. ಹಾಗಾಗಿ ನೋಡಬೇಕಾದದ್ದು ಹೊಲದ ಕಾಗದ. ಮುಂಬಯಿ ಪ್ರಾಂತದಲ್ಲಿ ಹಕ್ಕುಪತ್ರಗಳ ವ್ಯವಸ್ಥೆ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲೇ ಬಂದಿತ್ತು. ಹಳೆಯ ಕೈಬರಹದ ಉತಾರಗಳು, ವಾರಸಾ ನಮೂದುಗಳು ತಹಶೀಲ್ದಾರ ಕಚೇರಿಯ ದಾಖಲೆ ಕೋಣೆಯಲ್ಲಿ ಸಿಗುವ ಸಾಧ್ಯತೆ ಇದೆ. ಒಬ್ಬನ ಪಾಲು 1916ರಿಂದ 1920ರ ನಡುವೆ ಅವನ ತಮ್ಮನ ಹೆಸರಿಗೆ ಏರಿದ್ದರೆ, ಕಾರಣದ ಅಂಕಣದಲ್ಲಿ ಬರೆದ ಒಂದು ಸಾಲು ನಮಗೆ ಬೇಕಾದ ಸಾಕ್ಷಿ. ಕೆಲವು ಕಾಗದಗಳು ಮೋಡಿ ಲಿಪಿಯಲ್ಲಿರುತ್ತವೆ, ಅದನ್ನು ಓದಬಲ್ಲವರ ಸಹಾಯ ಬೇಕು. ಆದರೆ ಕೂಡುಕುಟುಂಬದಲ್ಲಿ ಹೊಲವೆಲ್ಲ ಹಿರಿಯನ ಹೆಸರಿನಲ್ಲೇ ಇದ್ದರೆ ಕಿರಿಯನ ಸಾವು ಉತಾರಕ್ಕೆ ಬರುವುದೇ ಇಲ್ಲ, ಹೊಲವೇ ಇಲ್ಲದವನ ಮಾತಂತೂ ಹೇಳಬೇಕಾಗಿಲ್ಲ. ಆಗ ಊರಿನ ಹಳೆಯ ಕನ್ನಡ ಶಾಲೆಯ ದಾಖಲಾತಿ ರಜಿಸ್ಟರು, ಜನನ ಮರಣದ ಪುಸ್ತಕ ನೋಡಬೇಕು. 1956ರ ನವೆಂಬರ್ 1ರಂದು ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ, ಮೇಲಿನ ಹಂತದ ಹಳೆಯ ಸರಕಾರಿ ಪತ್ರವ್ಯವಹಾರ ಮುಂಬಯಿಯ ಪತ್ರಾಗಾರದ ಕಡೆ ಉಳಿದಿದೆ. ಭರತಿಯ ವಿಷಯದಲ್ಲಿ ಕಲೆಕ್ಟರು ಏನು ಬರೆದ ಎಂದು ತಿಳಿಯಲು ಬೆಂಗಳೂರಿಗೆ ಹೋಗಿ ಬರಿಗೈಲಿ ಬಂದವರು ಅಲ್ಲಿಗೇ ನಿಲ್ಲಬಾರದು.

ನಮ್ಮ ಕಡೆಗೆ ಇನ್ನೊಂದು ಸಂಪತ್ತು ಇದೆ, ಹೊರಗಿನ ಸಂಶೋಧಕರಿಗೆ ಅದರ ಕಲ್ಪನೆಯೂ ಇಲ್ಲ: ಹೆಳವರು. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಒಂದೊಂದು ಮನೆತನದ ಹಿರಿಯರ ಹೆಸರುಗಳನ್ನು ಮೂಲಪುರುಷನಿಂದ ಹಿಡಿದು ಹೇಳುವವರು, ಹೊತ್ತಿಗೆಯಲ್ಲಿ ಬರೆದಿಟ್ಟುಕೊಂಡವರು. ಸುಗ್ಗಿಯ ಮೇಲೆ ಬಂದು ಕಾಳು ಪಡೆದು ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುವುದು ಅವರ ಕ್ರಮ. ಹೆಳವರು ಹೇಳಿದ್ದನ್ನು ಇತಿಹಾಸ ಎನ್ನಬಹುದೇ, ಕಾಣಿಕೆ ಕೊಟ್ಟವರ ವಂಶ ಹೊಗಳುವುದು ಅವರ ವೃತ್ತಿಯಲ್ಲವೇ ಎಂದು ಓದಿದವರು ಕೇಳುತ್ತಾರೆ. ಮೂಲಪುರುಷನ ಶೌರ್ಯದ ವಿಷಯದಲ್ಲಿ ಆ ಸಂಶಯ ಸರಿ. ನಾಲ್ಕೈದು ತಲೆಮಾರಿನ ಹಿಂದೆ ಒಂದು ಮನೆಯಲ್ಲಿ ಎಷ್ಟು ಜನ ಗಂಡುಮಕ್ಕಳು, ಅವರ ಹೆಸರೇನು, ಯಾರಿಗೆ ಸಂತಾನವಿಲ್ಲ ಎಂಬ ವಿಷಯದಲ್ಲಿ ಅವರಿಗೆ ಸುಳ್ಳು ಹೇಳಿ ಆಗಬೇಕಾದದ್ದು ಏನೂ ಇಲ್ಲ. ರಜಿಸ್ಟರಿನಲ್ಲಿರುವ ತಂದೆಯ ಹೆಸರು ಹೆಳವನ ಹೊತ್ತಿಗೆಯ ತಂದೆಯ ಹೆಸರಿಗೆ ಹೊಂದಿ, ಅವನ ಮಕ್ಕಳಲ್ಲಿ ಒಬ್ಬನ ಮುಂದೆ ಸಂತಾನ ನಿಂತಿದ್ದರೆ, ಪರಸ್ಪರ ಪರಿಚಯವೇ ಇಲ್ಲದ ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದಂತಾಯಿತು. ಇಂಥ ಹೊಂದಾಣಿಕೆಗೆ ನ್ಯಾಯಾಲಯದಲ್ಲೂ ಬೆಲೆ ಇದೆ.

ಮನೆಯಲ್ಲಿ ಬಿಲ್ಲೆ ಉಳಿದಿದ್ದರೆ ಅರ್ಧ ಕೆಲಸ ಮುಗಿಯಿತು. ಮೊದಲ ಯುದ್ಧದ ಪದಕಗಳ ಅಂಚಿನ ಮೇಲೆ ಪಡೆದವನ ನಂಬರು, ದರ್ಜೆ, ಹೆಸರು, ಪಲ್ಟನ್ನು ಕೆತ್ತಿರುತ್ತದೆ. ಕೆಲವರು ಮುಖದ ಮೇಲಿನ ರಾಜನ ಚಿತ್ರವನ್ನಷ್ಟೇ ನೋಡಿ ಅಂಚನ್ನು ನೋಡದೆ ಬಿಡುತ್ತಾರೆ. ಸಿಪಾಯಿಗೆ ಕೊಟ್ಟ ಯುದ್ಧಪದಕ ಬೆಳ್ಳಿಯದು, ಕೂಲಿಯ ಆಳುಗಳಿಗೆ ಕಂಚಿನದು. ಆದ್ದರಿಂದ ಲೋಹ ನೋಡಿದರೇ ಅವನ ಕೆಲಸ ಏನೆಂದು ಸ್ವಲ್ಪ ತಿಳಿಯುತ್ತದೆ. ಸತ್ತವರ ಮನೆಗೆ ಅಂಗೈಗಿಂತ ದೊಡ್ಡದಾದ ಕಂಚಿನ ತಟ್ಟೆಯನ್ನೂ ಕಳಿಸುತ್ತಿದ್ದರು, ಅದರ ಮೇಲೆ ದರ್ಜೆ ಬಿಟ್ಟು ಹೆಸರು ಮಾತ್ರ ಇರುತ್ತಿತ್ತು. ಬರಗಾಲದಲ್ಲಿ ಬೆಳ್ಳಿ ಸರಾಫನ ಅಂಗಡಿ ಸೇರುವುದು ಹೊಸ ಸಂಗತಿಯೇನಲ್ಲ. ಕಂಚಿನ ತಟ್ಟೆ ಮಾತ್ರ ಟ್ರಂಕಿನ ತಳದಲ್ಲೋ ದೇವರ ಜಗಲಿಯ ಮೇಲೋ ಉಳಿದಿರುವ ಸಾಧ್ಯತೆ ಹೆಚ್ಚು, ಅದಕ್ಕೆ ಮಾರಾಟದ ಬೆಲೆ ಇರಲಿಲ್ಲ.

ಸಾವು ಹೇಗಾಯಿತು ಎಂಬುದಕ್ಕೆ ಪಲ್ಟನ್ನುಗಳ ಯುದ್ಧ ದಿನಚರಿ ನೆರವಾಗುತ್ತದೆ. ಅವು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಲ್ಲಿ ಅಧಿಕಾರಿಗಳ ಹೆಸರು ಸಿಗುತ್ತದೆ, ಸಿಪಾಯಿಗಳು ಮತ್ತೆ ಅಂಕಿಯೇ. ಆದರೂ ರಜಿಸ್ಟರಿನ ದಿನಾಂಕ ಹಿಡಿದು ಆ ದಿನದ ಪುಟ ತೆಗೆದರೆ, ಅಂದು ಕಾಳಗವಿತ್ತೋ, ಪಲ್ಟನ್ನು ನಡೆಯುತ್ತಿತ್ತೋ, ಕಾಲರಾ ಹರಡಿತ್ತೋ ಎಂದು ತಿಳಿಯುತ್ತದೆ. ಕೂತ್‌ನಲ್ಲಿ ಸೆರೆ ಸಿಕ್ಕವರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸೆರೆಯಲ್ಲಿ ಸತ್ತವನ ದಿನಾಂಕ ಎಷ್ಟೋ ಸಲ ಅಂದಾಜಿನದು, ಅದನ್ನು ಹಿಡಿದು ವರ್ಷಾಂತಿಕದ ದಿನ ಗೊತ್ತುಮಾಡಲಾಗದು. ಇನ್ನು, ಬೇನೆಯಿಂದ ಸತ್ತನೆಂದು ಗೊತ್ತಾದರೆ ಕೆಲವು ಮನೆಗಳಿಗೆ ಸಂಕಟ. ಗುಂಡಿಗೆ ಎದೆಯೊಡ್ಡಿದ ಎಂದು ಮೂರು ತಲೆಮಾರು ಹೇಳಿಕೊಂಡ ಮೇಲೆ, ಆಮಶಂಕೆಯಿಂದ ಆಸ್ಪತ್ರೆಯಲ್ಲಿ ಸತ್ತ ಎಂದು ಕಾಗದ ಹೇಳಿದರೆ ಏನು ಮಾಡುವುದು, ಹುಡುಕದೇ ಇದ್ದರೆ ಒಳ್ಳೆಯದಿತ್ತಲ್ಲವೇ ಎನ್ನುತ್ತಾರೆ. ಈ ಸಂಕಟಕ್ಕೆ ಆಧಾರವಿಲ್ಲ. ಮೆಸೊಪೊಟೇಮಿಯಾದಲ್ಲಿ ಕಾಳಗದಲ್ಲಿ ಮತ್ತು ಗಾಯದಿಂದ ಸತ್ತವರ ಸಂಖ್ಯೆಗೂ ರೋಗದಿಂದ ಸತ್ತವರ ಸಂಖ್ಯೆಗೂ ಬಹಳ ಅಂತರವಿಲ್ಲ. ಔಷಧ, ದೋಣಿ, ಆಸ್ಪತ್ರೆ ಯಾವುದನ್ನೂ ಸಾಕಷ್ಟು ಒದಗಿಸದೆ ಸೈನ್ಯವನ್ನು ಮುಂದಕ್ಕೆ ದೂಡಿದ್ದನ್ನು 1917ರ ಮೆಸೊಪೊಟೇಮಿಯಾ ಆಯೋಗದ ವರದಿ ಬಯಲಿಗೆಳೆಯಿತು. ಅದರ ಹೊಣೆ ಹೊತ್ತು ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಅಂದಮೇಲೆ ಆಮಶಂಕೆಯಿಂದ ಸತ್ತ ಸಿಪಾಯಿಯ ಸಾವು ಆಡಳಿತದ ಅಪರಾಧಕ್ಕೆ ಸಾಕ್ಷಿ. ಅದನ್ನು ಗುಂಡಿನ ಸಾವೆಂದು ತಿದ್ದಿ ಹೇಳಿದರೆ ಆ ಅಪರಾಧ ಮುಚ್ಚಿಹೋಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಇವರು ಹೋರಾಡಿದ್ದು ನಮ್ಮನ್ನು ಆಳಿದ ಪರರಿಗಾಗಿ. ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದವರ ಹೆಸರುಗಳೇ ಮರೆತುಹೋಗುತ್ತಿರುವಾಗ ಸಾಮ್ರಾಜ್ಯದ ಸಿಪಾಯಿಯನ್ನು ಏಕೆ ಹುಡುಕಬೇಕು? ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಆ ಕಾಲದ ಮನಸ್ಸನ್ನು ಆ ಕಾಲದಲ್ಲೇ ನಿಂತು ನೋಡಬೇಕು. 1918ರ ಮೇ ತಿಂಗಳಲ್ಲಿ ಬಿಜಾಪುರದಲ್ಲೇ ಮುಂಬಯಿ ಪ್ರಾಂತದ ರಾಜಕೀಯ ಪರಿಷತ್ತು ನಡೆಯಿತು, ಅದಕ್ಕೆ ಗಾಂಧೀಜಿಯವರು ಬಂದಿದ್ದರು. ಅದಕ್ಕೆ ಕೆಲವೇ ದಿನ ಮೊದಲು ದಿಲ್ಲಿಯ ಯುದ್ಧ ಸಮ್ಮೇಳನದಲ್ಲಿ ಅವರು ಸೈನ್ಯದ ಭರತಿಗೆ ಬೆಂಬಲ ಕೊಟ್ಟಿದ್ದರು, ಅದೇ ಬೇಸಿಗೆ ಮುಗಿಯುವಾಗ ಖೇಡಾ ಜಿಲ್ಲೆಯಲ್ಲಿ ಊರೂರು ತಿರುಗಿ ಭರತಿಯಾಗಿ ಎಂದು ಕೇಳಿಕೊಂಡರು. ಅಂಥವರಿಗೇ ಸ್ಪಷ್ಟವಾಗಿರದ ವಿಷಯದಲ್ಲಿ, ಮಳೆ ಕೈಕೊಟ್ಟ ಸೀಮೆಯ ರೈತನ ಮಗ ತಿಂಗಳಿಗೆ 11 ರೂಪಾಯಿ ಸಂಬಳಕ್ಕೆ ಸಹಿ ಹಾಕಿದರೆ ಅವನನ್ನು ದ್ರೋಹಿ ಎನ್ನಲು ನಮಗೆ ಅಧಿಕಾರವಿಲ್ಲ. ಒಬ್ಬನನ್ನು ಗುರುತಿಸುವುದು ಬೇರೆ, ಅವನ ಧಣಿಯನ್ನು ಮೆಚ್ಚುವುದು ಬೇರೆ. ಹೆಸರು ಅಳಿಸಿ ಅಂಕಿ ಬರೆದದ್ದು ಆ ಧಣಿ. ನಾವೂ ಅವನನ್ನು ಹುಡುಕದೇ ಬಿಟ್ಟರೆ ಆ ಧಣಿಯ ಲೆಕ್ಕವನ್ನೇ ಒಪ್ಪಿಕೊಂಡಂತೆ.

ಪಂಜಾಬಿನವರ ಅದೃಷ್ಟ ನಮಗಿಲ್ಲ. ಯುದ್ಧ ಮುಗಿದ ಮೇಲೆ ಪಂಜಾಬ್ ಸರಕಾರ ಹಳ್ಳಿವಾರಾಗಿ ಬರೆಸಿದ ಸಂಪುಟಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದವು. ಅವುಗಳಲ್ಲಿರುವ ಸುಮಾರು 3,20,000 ಜನರ ವಿವರ 2021ರಿಂದ ಅಂತರಜಾಲಕ್ಕೆ ಬರತೊಡಗಿದೆ. ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬಿ ಮನೆತನಗಳು ಅದರಲ್ಲಿ ತಮ್ಮ ಊರಿನ ಪುಟ ತೆರೆದು ಮುತ್ತಜ್ಜನನ್ನು ಕಂಡುಕೊಂಡಿವೆ. ಸಾತಾರಾ ಜಿಲ್ಲೆಯ ಅಪಶಿಂಗೆಯಂಥ ಊರಿನಲ್ಲಿ ಯುದ್ಧದ ಸ್ಮಾರಕ ಕಲ್ಲೇ ನಿಂತಿದೆ. ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು ಎಂಬ ಇಂಥ ಚಿಕ್ಕ ಫಲಕಗಳನ್ನು ಸರಕಾರ ದೇಶದ ಕೆಲವು ಊರುಗಳಲ್ಲಿ ಹಾಕಿಸಿತ್ತು. ನಮ್ಮ ಹಳ್ಳಿಗಳ ಹಳೆಯ ಚಾವಡಿ, ಶಾಲೆಯ ಗೋಡೆಗಳನ್ನು ಸುಣ್ಣದ ಪದರ ಕೆರೆದು ನೋಡುವುದು ವ್ಯರ್ಥವಾಗಲಾರದು. ಸಿಗದಿದ್ದರೆ, ಮೇಲೆ ಹೇಳಿದ ಚೂರುಗಳನ್ನು ಕೂಡಿಸುವುದೊಂದೇ ದಾರಿ. ಎರಡನೆಯ ಯುದ್ಧದವರ ಮಟ್ಟಿಗೆ ದಾರಿ ಸ್ವಲ್ಪ ಸಲೀಸು: ರಂಗೂನ್, ಸಿಂಗಪುರದ ಸ್ಮಾರಕಗಳ ಮೇಲೆ ಸಾಮಾನ್ಯ ಸಿಪಾಯಿಯ ಹೆಸರೂ ಇದೆ. ಸ್ವಾತಂತ್ರ್ಯದ ನಂತರ ಸತ್ತವರ ವಿಷಯಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯನ್ನೂ ಅವರವರ ರೆಜಿಮೆಂಟಿನ ದಾಖಲೆ ಕಚೇರಿಯನ್ನೂ ಕೇಳಬಹುದು. 2019ರಲ್ಲಿ ತೆರೆದ ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25,000ಕ್ಕೂ ಹೆಚ್ಚು ಹೆಸರುಗಳಿವೆ.

ಕೊನೆಯದಾಗಿ, ಹುಡುಕಿದ್ದರಿಂದ ಆಗುವುದೇನು ಎಂಬ ಪ್ರಶ್ನೆ. ಆಗುವುದು ಬಹಳ ನಿರ್ದಿಷ್ಟವಾದ ಒಂದು ಕೆಲಸ. ಯುದ್ಧಸಮಾಧಿ ಆಯೋಗ ತಪ್ಪು ನಮೂದನ್ನು ಸಾಕ್ಷಿ ನೋಡಿ ತಿದ್ದುತ್ತದೆ, ಬಿಟ್ಟುಹೋದ ಹೆಸರನ್ನು ಸಾಕ್ಷಿ ನೋಡಿ ಸೇರಿಸುತ್ತದೆ. ಆ ಸಾಕ್ಷಿ ಒದಗಿಸಬೇಕಾದವರು ನಾವು. ಉತಾರದ ನಕಲು, ಶಾಲೆಯ ರಜಿಸ್ಟರಿನ ದೃಢೀಕರಣ, ಹೆಳವನ ಹೊತ್ತಿಗೆಯ ಆ ಪುಟದ ಫೋಟೋ, ಪದಕದ ಅಂಚಿನ ಫೋಟೋ, ಮನೆಯ ಹಿರಿಯರ ಮಾತನ್ನು ಹೇಳಿದವರ ಹೆಸರು ಮತ್ತು ವಯಸ್ಸಿನೊಂದಿಗೆ ಬರೆದ ಒಂದು ಹಾಳೆ, ಇಷ್ಟನ್ನು ಜೋಡಿಸಿ, ಪ್ರತಿಯೊಂದರ ಎದುರಿಗೆ ಅದು ಎಲ್ಲಿ ಸಿಕ್ಕಿತೆಂದು ಬರೆದಿಡಬೇಕು. ಒಂದೇ ಊರಿನ, ಒಂದೇ ಹೆಸರಿನ ಇಬ್ಬರು ಸಿಕ್ಕು, ಇವರಲ್ಲಿ ನಮ್ಮವನು ಯಾರೆಂದು ಬೇರ್ಪಡಿಸಲಾಗದೇ ಹೋದರೆ ‘ಇವರಿಬ್ಬರಲ್ಲಿ ಒಬ್ಬ’ ಎಂದೇ ಬರೆಯಬೇಕು. ಎರಡನೆಯವನಿಗೂ ಅದೇ ಊರಿನಲ್ಲಿ, ಬಹುಶಃ ಮುಂದಿನ ಓಣಿಯಲ್ಲಿ, ಅಣ್ಣತಮ್ಮಂದಿರ ಸಂತಾನ ಇರುತ್ತದೆ. ಆ ಮನೆಯವರನ್ನು ಕಂಡು, ಅವರ ಹತ್ತಿರ ಇರುವ ಕಾಗದವನ್ನೂ ತರಿಸಿ, ಎರಡೂ ಮನೆಯವರು ಕೂಡಿ ಒಂದೇ ಅರ್ಜಿ ಬರೆದರೆ ಅದಕ್ಕೆ ತೂಕ ಹೆಚ್ಚು.